ಚರ್ಮದ ಮಾತು: ಬರಲಿರುವ ಇಂಜೆಕ್ಷನ್ನಿಗೆ ಕಾಯಬೇಕೇ?

ಪ್ರಶ್ನೆ: ನಮ್ಮದು ನೇಕಾರರ ಮನೆ. ಹತ್ತೊಂಬತ್ತರ ಮಗಳು ಮಿರ್ಚಿ ಕರಿಯುವಾಗ ಬಾಣಲೆ ವಾಲಿ ಕಾದ ಎಣ್ಣೆ ಬಲಗೈ ಮೇಲೆ ಬಿತ್ತು. ಗಾಯ ಮಾಯಲು ತಿಂಗಳು ಹಿಡಿಯಿತು. ಈಗ ನಾಲ್ಕು ತಿಂಗಳಾಗಿದೆ. ಮೊಣಕೈ ಕೆಳಗಿನಿಂದ ಮಣಿಕಟ್ಟಿನವರೆಗೆ ಕಲೆ ಉಬ್ಬಿ ಕೆಂಪಾಗಿದೆ, ರಾತ್ರಿಯೆಲ್ಲ ತುರಿಕೆ. ವಿಟಮಿನ್ ಇ ಮಾತ್ರೆ ಒಡೆದು ಹಚ್ಚುತ್ತಿದ್ದೇವೆ. ಕಲೆಯೇ ಉಳಿಯದ ಇಂಜೆಕ್ಷನ್ ಅಮೆರಿಕದಲ್ಲಿ ಕಂಡುಹಿಡಿದಿದ್ದಾರೆ, ಇಲ್ಲಿಗೆ ಬರುವತನಕ ಏನೂ ಮಾಡಿಸಬೇಡ ಎನ್ನುತ್ತಾನೆ ನನ್ನ ತಮ್ಮ. ಕಾಯೋಣವೇ?
– ಒಬ್ಬ ತಾಯಿ, ಗದಗ-ಬೆಟಗೇರಿ

ಉತ್ತರ: ಕಾಯಬೇಡಿ ತಾಯಿ. ತಮ್ಮ ಕೇಳಿದ ಸುದ್ದಿ ಪೂರ್ತಿ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಗಳನ್ನು ಎದುರಿಗೆ ಕೂರಿಸಿ, ಮೊಣಕೈ ಅಗಲಿಸಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿಸಿ. ಬಲ ಮಣಿಕಟ್ಟು ಎಡದಷ್ಟು ಬಾಗದಿದ್ದರೆ, ಬಾಗಿದಾಗ ಕಲೆ ಬಿಗಿದು ಬೆಳ್ಳಗಾದರೆ, ಚರ್ಮ ಕೀಲನ್ನು ಎಳೆಯುತ್ತಿದೆ. ಹಾಗಿದ್ದರೆ ಈ ವಾರವೇ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಿ. ಧಾರವಾಡದ ನನ್ನ ಕ್ಲಿನಿಕ್ಕಿಗೆ ಬಂದವರು ಮೊದಲು ಕೇಳುವುದು, 'ಬಾಯಾರ, ಲಗ್ನದಾಗ ಕಲಿ ಕಾಣಸ್ತದನ್ರೀ?' ಅಂತ. ನಾನು ಮೊದಲು ನೋಡುವುದು ಕೈ ಆಡುತ್ತದೆಯೇ ಎಂದು. ಲಗ್ನ ಒಂದು ದಿನದ್ದು, ಕೈ ಜನ್ಮದ್ದು.

ಮೂರು ವಾರ ದಾಟಿ ಮಾಯ್ದ ಸುಟ್ಟಗಾಯ ಉಬ್ಬುವುದು ಸಾಮಾನ್ಯ. ಮಗ್ಗದ ಮನೆಯವರಿಗೆ ಹೇಳುವುದು ಸುಲಭ: ಒಳ್ಳೆಯ ಚರ್ಮದಲ್ಲಿ ಕೊಲಾಜನ್ ಎಳೆಗಳು ಹಾಸು-ಹೊಕ್ಕಾಗಿ ಹೆಣೆದುಕೊಂಡಿರುತ್ತವೆ, ಕಲೆಯಲ್ಲಿ ಹೊಕ್ಕಿಲ್ಲದ ಬರೀ ಹಾಸಿನಂತೆ ಒಂದೇ ದಿಕ್ಕಿಗೆ ಒತ್ತಾಗಿ ಮಲಗಿರುತ್ತವೆ. ಗಾಯ ಎಷ್ಟೇ ಚೆನ್ನಾಗಿ ಮಾಯ್ದರೂ ಆ ಜಾಗಕ್ಕೆ ಮೊದಲಿನ ಬಲದ ಸುಮಾರು ಶೇ 80ರಷ್ಟೇ ಮರಳುತ್ತದೆ. ಆದರೆ ಈ ಎಳೆಗಳನ್ನು ದೇಹ ವರ್ಷ, ಒಂದೂವರೆ ವರ್ಷ ಬಿಚ್ಚಿ ಕಟ್ಟುತ್ತಲೇ ಇರುತ್ತದೆ. ಕೆಂಪು, ತುರಿಕೆ ಇದೆಯೆಂದರೆ ಆ ಕೆಲಸ ಇನ್ನೂ ನಡೆದಿದೆ ಎಂದು. ಈ ಅವಧಿಯಲ್ಲಿ ಮಾಡಿದ ಚಿಕಿತ್ಸೆಗೇ ಹೆಚ್ಚು ಫಲ.

ಔಷಧದ ಅಂಗಡಿಯಲ್ಲಿ ಸಿಲಿಕೋನ್ ಜೆಲ್ ಹಾಳೆ ಸಿಗುತ್ತದೆ. ಚರ್ಮ ಎಲ್ಲೂ ಹಸಿ ಇಲ್ಲದಿದ್ದರೆ ದಿನಕ್ಕೆ 12 ತಾಸಾದರೂ ಅಂಟಿಸಿರಬೇಕು. ನಿಮ್ಮೂರ ಬಿಸಿಲಿಗೆ ಬೆವರಿ ಗುಳ್ಳೆ ಏಳುತ್ತವೆ, ಜನ ಅಷ್ಟಕ್ಕೇ ಕಿತ್ತೆಸೆಯುತ್ತಾರೆ. ಹಾಗಾಗದಂತೆ ದಿನಾ ಹಾಳೆಯನ್ನೂ ಕೈಯನ್ನೂ ಸೋಪಿನಿಂದ ತೊಳೆದು, ಪೂರ್ತಿ ಆರಿಸಿ ಮತ್ತೆ ಅಂಟಿಸಿ. ಎರಡು-ಮೂರು ತಿಂಗಳಿಗೆ ಮೊದಲು ಫಲ ಕೇಳಬೇಡಿ. ಅಳತೆ ಕೊಟ್ಟು ಹೊಲಿಸುವ ಒತ್ತುಪಟ್ಟಿಯೂ ಉಂಟು, ಅದನ್ನು ದಿನದ 23 ತಾಸು ತೊಡಬೇಕು. ಟ್ರಂಕಿನಲ್ಲಿಡುವುದಾದರೆ ದುಡ್ಡು ದಂಡ. ಎರಡು ಹೊತ್ತು ಹೆಬ್ಬೆರಳಿನಿಂದ ಒತ್ತಿ ತೀಡಿ, ಕೊಬ್ಬರಿ ಎಣ್ಣೆ ಸಾಕು. ವಿಟಮಿನ್ ಇ ಇವತ್ತೇ ನಿಲ್ಲಿಸಿ: 1999ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಅದರಿಂದ ಕಲೆಗೆ ಲಾಭ ಕಾಣಲಿಲ್ಲ, ಮೂವರಲ್ಲಿ ಒಬ್ಬರಿಗೆ ಚರ್ಮ ಕೆರಳಿತು. ನಿಮ್ಮ ಮಗಳ ತುರಿಕೆಯಲ್ಲಿ ಅದರ ಪಾಲೂ ಇರಬಹುದು. ಬಿಸಿಲಿಗೆ ಹೋಗುವಾಗ ಉದ್ದ ತೋಳು ಇರಲಿ, ಹೊಸ ಕಲೆ ಬೇಗ ಕಪ್ಪಾಗುತ್ತದೆ. ಇಷ್ಟಕ್ಕೂ ತಗ್ಗದಿದ್ದರೆ ಚರ್ಮವೈದ್ಯರು ಕಲೆಯೊಳಗೇ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ನಾಲ್ಕಾರು ವಾರಕ್ಕೊಮ್ಮೆ. ನೋಯುತ್ತದೆ, ಆ ಜಾಗ ತುಸು ಬಿಳಚಬಹುದು. ಆದರೂ ತುರಿಕೆಗೆ ಅದರಷ್ಟು ಬೇಗ ಕೆಲಸ ಮಾಡುವುದು ಕಡಿಮೆ.

ಇನ್ನು ತಮ್ಮನ ಸುದ್ದಿ. 2021ರಲ್ಲಿ ಸ್ಟ್ಯಾನ್‌ಫರ್ಡ್‌ನ ಲಾಂಗೇಕರ್ ಮತ್ತು ಗರ್ಟ್ನರ್ ಅವರ ತಂಡ ಇಲಿಗಳ ಗಾಯಕ್ಕೆ ವರ್ಟೆಪೋರ್ಫಿನ್ ಕೊಟ್ಟು ನೋಡಿತು. ಅದು ಅಕ್ಷಿಪಟಲದ ಕಾಯಿಲೆಗೆ ಮೊದಲಿನಿಂದ ಬಳಕೆಯಲ್ಲಿರುವ ಔಷಧ. ಗಾಯದ ಸುತ್ತಲ ಎಳೆತ ಕಂಡು 'ಕಲೆ ಕಟ್ಟು' ಎಂದು ಜೀವಕೋಶಕ್ಕೆ ಹೇಳುವ ಯ್ಯಾಪ್ ಎಂಬ ಪ್ರೋಟೀನನ್ನು ಅದು ತಡೆಯುತ್ತದೆ. ಕೂದಲು, ಗ್ರಂಥಿಗಳ ಸಮೇತ ಚರ್ಮ ಮರಳಿ ಬೆಳೆಯಿತು. ನಾನೂ ಓದಿ ಬೆರಗಾದೆ. ಆದರೆ ಔಷಧ ಬಿದ್ದದ್ದು ಆಗಷ್ಟೇ ಆದ ಗಾಯಕ್ಕೆ, ನಾಲ್ಕು ತಿಂಗಳ ಕಲೆಗಲ್ಲ. ಇಲಿಯ ಚರ್ಮ ಸಡಿಲ, ಗಾಯ ತಾನೇ ಕುಗ್ಗಿ ಮುಚ್ಚಿಕೊಳ್ಳುತ್ತದೆ, ನಮ್ಮದು ಹಾಗಲ್ಲ. ಹಿಂದೆ ಮ್ಯಾಂಚೆಸ್ಟರ್‌ನ ರೆನೊವೊ ಕಂಪನಿಯ ಅವೊಟರ್ಮಿನ್ ಮೇಲೂ ಇಷ್ಟೇ ಆಸೆ ಇತ್ತು. ಗರ್ಭದಲ್ಲಿನ ಎಳೆ ಶಿಶುವಿನ ಗಾಯ ಕಲೆಯಿಲ್ಲದೆ ಮಾಯುವುದನ್ನು ನೋಡಿ ಹೊಳೆದ ಔಷಧ ಅದು. ಮೊದಮೊದಲ ಪರೀಕ್ಷೆಗಳಲ್ಲಿ ಗೆದ್ದು, 2011ರಲ್ಲಿ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ಸಂಶೋಧನೆ ನಡೆಯಲಿ, ನೀವು ನಾಳೆ ಸಿಲಿಕೋನ್ ಹಾಳೆ ತನ್ನಿ.

ಪ್ರಶ್ನೆ: ಕಿವಿಗೆ ಎರಡನೇ ತೂತು ಚುಚ್ಚಿಸಿದಲ್ಲಿ ಬಟಾಣಿಯಷ್ಟು ಗಂಟು ಬೆಳೆದಿದೆ. ಕೊಯ್ಸಿಬಿಟ್ಟರೆ ಮುಗಿಯಿತಲ್ಲ?
– ಕಾಲೇಜು ವಿದ್ಯಾರ್ಥಿನಿ, ಹಾವೇರಿ

ಉತ್ತರ: ಮುಗಿಯದು. ಗಾಯದ ಗಡಿ ದಾಟಿ ಬೆಳೆಯುವ ಈ ಗಂಟು ಕೀಲಾಯ್ಡ್. ಬರೀ ಕೊಯ್ದು ಬಿಟ್ಟರೆ ಅರ್ಧಕ್ಕರ್ಧ ಜನರಿಗಾದರೂ ಮರಳಿ ಬರುತ್ತದೆ, ಕೆಲವೊಮ್ಮೆ ಮೊದಲಿಗಿಂತ ದೊಡ್ಡದಾಗಿ. ಕೊಯ್ದ ಮೇಲೆ ಸ್ಟಿರಾಯ್ಡ್ ಇಂಜೆಕ್ಷನ್, ಕಿವಿ ಒತ್ತುವ ಕ್ಲಿಪ್ ಕೂಡ ಬೇಕು. ಹಟಮಾರಿ ಗಂಟಾದರೆ ವಿಕಿರಣ ಚಿಕಿತ್ಸೆಯನ್ನೂ ಕೊಡುತ್ತಾರೆ. ಹಾಗೆ ಜೊತೆಗೂಡಿ ಮಾಡುವವರಲ್ಲಿಗೇ ಹೋಗಿ. ಕುದುರೆಯ ಕೂದಲು ಕಟ್ಟಿ ಉದುರಿಸುವ ಉಪಾಯ ಯಾರಾದರೂ ಹೇಳಿದರೆ ಕೈಮುಗಿದು ಬನ್ನಿ. ಮೂರನೇ ತೂತಿನ ಆಸೆ ಬಿಡಿ. ತಂಗಿ ಇದ್ದರೆ ಅವಳಿಗೂ ಹೇಳಿ, ಈ ಗುಣ ಮನೆತನದಲ್ಲಿ ಹರಿಯುತ್ತದೆ. ಹನ್ನೊಂದರ ವಯಸ್ಸಿನ ನಂತರ ಚುಚ್ಚಿಸಿಕೊಂಡ ಕಿವಿಗೆ ಇದು ಹೆಚ್ಚು.