ತರಬೇತಿ ಫಲ ಕೊಟ್ಟಿದೆ, ಮಗಳು ಬಳಲಿದ್ದಾಳೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹುಡುಗಿಗೆ 17 ವರ್ಷ. ಆಟಿಸಂ ಇರುವುದು ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಹದಿಹರೆಯದವರಿಗೆಂದು ನಡೆಸುವ ಸಾಮಾಜಿಕ ಕೌಶಲ ತರಬೇತಿಯನ್ನು ಪೂರ್ತಿ ಮುಗಿಸಿದ್ದಳು. ನನ್ನ ಬಳಿ ಸಲಹೆಗೆ ಬಂದ ತಾಯಿಯ ಅಳಲು ಹೀಗಿತ್ತು: "ಕಾಲೇಜಲ್ಲಿ ಎಲ್ಲರ ಹತ್ರಾನೂ ಚೆನ್ನಾಗಿ ಮಾತಾಡ್ತಾಳಂತೆ ಮೇಡಂ. ಮನೆಗೆ ಬಂದ್ರೆ ಬಾಗಿಲು ಹಾಕ್ಕೊಂಡು ಮಲಗಿಬಿಡ್ತಾಳೆ. ಊಟಕ್ಕೆ ಕರೆದ್ರೂ ಉತ್ತರ ಇಲ್ಲ. ನಮ್ಮ ಮೇಲೆ ಸಿಟ್ಟಿರಬಹುದಾ?"

ಸಿಟ್ಟಿರಲಿಲ್ಲ. ಹುಡುಗಿಯನ್ನು ಒಬ್ಬಳನ್ನೇ ಕೂರಿಸಿಕೊಂಡಾಗ ಅವಳು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು. 'ಹೇಗಿದ್ದೀಯ ಅಂದರೆ ಚೆನ್ನಾಗಿದ್ದೀನಿ, ನೀನು? ಅನ್ನಬೇಕು.' 'ಕಣ್ಣು ನೋಡಲಾಗದಿದ್ದರೆ ಹುಬ್ಬುಗಳ ನಡುವೆ ನೋಡು.' 'ಇಬ್ಬರು ನಕ್ಕ ಮೇಲೆ ನಗು.' 'ಬೆರಳು ಆಡಿಸಬೇಡ.' ಕೆಲವನ್ನು ತರಬೇತಿಯಲ್ಲಿ ಕಲಿಸಿದ್ದರು; ಬೆರಳಿನದು ಅವಳೇ ಸೇರಿಸಿಕೊಂಡದ್ದು. "ಯಾರ ಹತ್ರ ಮಾತಾಡ್ತಿದ್ರೂ ತಲೆಯೊಳಗೆ ಪರೀಕ್ಷೆ ಬರೀತಿರ್ತೀನಿ" ಅಂದಳು.

ತಾಯಿಗೆ ನಾನು ವಿವರಿಸಿದ್ದು ಇದನ್ನೇ. ಕಲಿತಾಗ ಯಾರ ಮೆದುಳೇ ಆದರೂ ಬದಲಾಗುತ್ತದೆ, ಆಟಿಸಂ ಇರುವ ಮೆದುಳೂ ಹಾಗೆಯೇ. ಇಂಥ ತರಬೇತಿ ಪಡೆದ ಹದಿಹರೆಯದವರ ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ) ಚಟುವಟಿಕೆ ಮೆದುಳಿನ ಎಡ ಅರ್ಧಗೋಳದ ಕಡೆಗೆ ಸರಿದದ್ದನ್ನು 2015ರ ಅಧ್ಯಯನವೊಂದು ದಾಖಲಿಸಿದೆ. ಆದರೆ ಆ ಗೆರೆಗಳು ಎಷ್ಟು ಶ್ರಮವಾಯಿತು ಎಂದು ಹೇಳುವುದಿಲ್ಲ. 2009ರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. ಒಂದು ಪಾತ್ರದ ಬಗ್ಗೆ 'ಇವನು ಏನೆಂದುಕೊಂಡಿದ್ದಾನೆ?' ಎಂದು ಬಾಯಿಬಿಟ್ಟು ಕೇಳಿದಾಗ ಆಸ್ಪರ್ಗರ್ (ಆಟಿಸಂನ ಒಂದು ಬಗೆಗೆ ಆಗ ಇದ್ದ ಹೆಸರು) ಇರುವ ವಯಸ್ಕರು ಸರಿಯುತ್ತರವನ್ನೇ ಕೊಟ್ಟರು. ಏನೂ ಕೇಳದೆ ಬರೀ ದೃಶ್ಯ ತೋರಿಸಿದಾಗ ಮಾತ್ರ, ಅದರಲ್ಲಿರುವ ವ್ಯಕ್ತಿ ಮುಂದೆ ಎಲ್ಲಿ ಕೈ ಹಾಕಬಹುದೆಂದು ಅವರ ಕಣ್ಣು ತಾನಾಗಿ ಮೊದಲೇ ಅತ್ತ ಹೊರಳಲಿಲ್ಲ. ಇತರರಿಗೆ ತಂತಾನೇ ಆಗುವುದನ್ನು ಅವರು ಯೋಚಿಸಿ, ತರ್ಕಿಸಿ ಮಾಡುತ್ತಾರೆ. ನೋಡುವವರಿಗೆ ಫಲಿತಾಂಶ ಒಂದೇ ಥರ ಕಂಡರೂ ಒಳಗಿನ ಖರ್ಚು ಬೇರೆ. ಸಂಜೆ ಹೊತ್ತಿಗೆ ಈ ಹುಡುಗಿಯ ಹತ್ತಿರ ಮಾತು ಮುಗಿದಿರುವುದು ಅದಕ್ಕೇ.

ತನ್ನ ಸ್ವಭಾವ ಮುಚ್ಚಿಟ್ಟುಕೊಂಡು ಬಹುಕಾಲ ಬದುಕುವವರಲ್ಲಿ ಆತಂಕ, ಖಿನ್ನತೆ ಹೆಚ್ಚಾಗಿ ಕಾಣುತ್ತದೆ. ಹಾಗಾಗಿ ಸಾಯಬೇಕು ಅನ್ನಿಸುತ್ತದೆಯೇ ಎಂದು ಅವಳನ್ನು ನೇರವಾಗಿಯೇ ಕೇಳಿದೆ. ಸುತ್ತಿಬಳಸಿ ಕೇಳಿದರೆ ಇವರಿಗೆ ಪ್ರಶ್ನೆಯೇ ತಲುಪದೆ ಹೋಗಬಹುದು. ಇಲ್ಲ ಅಂದಳು. ಆದರೆ ನಿದ್ದೆ ಕೆಟ್ಟಿತ್ತು. ಮನೋವೈದ್ಯರ ಬಳಿ ಒಮ್ಮೆ ತೋರಿಸಲು ಬರೆದುಕೊಟ್ಟೆ.

ಉಳಿದ ಸಲಹೆಯೆಲ್ಲ ಆ ನೋಟ್‌ಬುಕ್‌ನ ಸುತ್ತಲೇ. ಅವಳೂ ನಾನೂ ಕೂತು ಒಂದೊಂದೇ ಸಾಲಿಗೆ 'ಇದು ಯಾರಿಗೆ ಬೇಕು?' ಎಂದು ಕೇಳಿಕೊಂಡೆವು. ಸಹಾಯ ಕೇಳುವುದು, ಬೇಡ ಅನ್ನುವುದು, ಮಾತು ಮುಗಿಸಿ ಹೊರಡುವುದು: ಇವು ಅವಳಿಗೇ ಬೇಕಾದವು, ಹಾಗಾಗಿ ಇವನ್ನು ಉಳಿಸಿಕೊಂಡೆವು. ಹುಬ್ಬಿನ ಸಾಲನ್ನೂ ಬೆರಳಿನ ಸಾಲನ್ನೂ ಹೊಡೆದುಹಾಕಿದಳು. ನಗುವಿನದು ಸದ್ಯಕ್ಕೆ ಇರಲಿ ಅಂದಳು, ಅದರಿಂದ ಗೆಳತಿಯರ ಜೊತೆ ಸಲೀಸಾಗುತ್ತದಂತೆ. ಕಾಲೇಜಿನಲ್ಲಿ ಮಧ್ಯಾಹ್ನ ಒಬ್ಬಳೇ ಕೂರಲು ಒಂದು ಜಾಗ ಗೊತ್ತುಮಾಡಿಸಿ ಎಂದು ತಾಯಿಗೆ ಹೇಳಿದೆ. ಮನೆಗೆ ಬಂದ ಮೊದಲ ಒಂದು ಗಂಟೆ ಪ್ರಶ್ನೆ ಬೇಡ, ಊಟಕ್ಕೆ ಕರೆಯಲು ಒಂದು ಮೆಸೇಜ್ ಸಾಕು.

"ಹಾಗಾದ್ರೆ ಕಲಿತಿದ್ದೆಲ್ಲ ದಂಡವಾ?" ಎಂದು ತಂದೆ ಕೇಳಿದರು. ದಂಡವಲ್ಲ, ಆದರೆ ಕಲಿಯುವ ಸರದಿ ಅವಳೊಬ್ಬಳದೇ ಅಲ್ಲ ಅಂದೆ. ಸ್ವತಃ ಆಟಿಸಂ ಇರುವ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದ್ದು ಅದನ್ನೇ: ಅರ್ಥವಾಗದಿರುವುದು ಎರಡೂ ಕಡೆಯ ತೊಡಕು. ತಂದೆ ಬಹುಮಟ್ಟಿಗೆ ಒಪ್ಪಿದರು. "ನೆಂಟರ ಮುಂದೆ ಮಾತ್ರ ಮುಖ ನೋಡಿ ಮಾತಾಡಲಿ" ಅಂದರು.

"ಅಪ್ಪ, ನೆಂಟರ ಮುಂದೇನೇ ಜಾಸ್ತಿ ಕಷ್ಟ" ಅಂದಳು ಮಗಳು.

ಅದೊಂದು ಇತ್ಯರ್ಥವಾಗಿಲ್ಲ. ಮುಂದಿನ ಸಲ ಅಪ್ಪ, ಮಗಳು ಇಬ್ಬರೇ ಬರುತ್ತಾರೆ.