ಕೈ ಕಂಡರೆ ಬೆದರುವ ಬಡ್ಜಿ: ಕಾರವಾರದ ಸದಸ್ಯರ ಪ್ರಶ್ನೆಗೆ ಉತ್ತರ

ನಮಸ್ಕಾರ. ಉತ್ತರ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನೀವು ಕೇಳಿದ್ದು ಇಷ್ಟು. ಮೂರು ವಾರದ ಹಿಂದೆ ಅಂಗಡಿಯಿಂದ ಒಂದು ಹಸಿರು, ಒಂದು ನೀಲಿ ‘ಲವ್ ಬರ್ಡ್ಸ್’ ತಂದಿದ್ದೀರಿ. ಪಂಜರದೊಳಗೆ ಕೈ ಹಾಕಿದ ಕೂಡಲೇ ಎರಡೂ ಮೂಲೆಗೆ ಹಾರಿ ಸರಳಿಗೆ ಬಡಿದುಕೊಳ್ಳುತ್ತವೆ. ಮಗಳು ನೀಲಿ ಹಕ್ಕಿಯನ್ನು ಹಿಡಿದು ತಲೆ ಸವರಲು ಹೋದಳು, ಅದು ಬೆರಳು ಕಚ್ಚಿ ರಕ್ತ ಬಂತು. ನಿಮ್ಮ ಪ್ರಶ್ನೆಯ ಕೆಳಗೆ ಒಬ್ಬರು ರೆಕ್ಕೆ ಕತ್ತರಿಸಿ ಎಂದಿದ್ದಾರೆ. ಇನ್ನೊಬ್ಬರು ಒಂದು ದಿನ ಉಪವಾಸ ಕೆಡವಿ, ತಾನಾಗಿ ಕೈಗೆ ಬರುತ್ತದೆ ಎಂದಿದ್ದಾರೆ.

ದಯವಿಟ್ಟು ಎರಡನ್ನೂ ಮಾಡಬೇಡಿ. ನಿಮ್ಮ ಫೋಟೋದಲ್ಲಿ ಇರುವುದು ಬಡ್ಜಿಗಳು, ಅಂದರೆ ಆಸ್ಟ್ರೇಲಿಯಾ ಮೂಲದ ಬಡ್ಜರಿಗಾರ್. ನಮ್ಮ ಕಡೆ ಅಂಗಡಿಯವರೆಲ್ಲ ಇದನ್ನೇ ಲವ್ ಬರ್ಡ್ಸ್ ಎಂದು ಮಾರುತ್ತಾರೆ. ನಿಜವಾದ ಲವ್ ಬರ್ಡ್ ಬೇರೆ, ಅದು ಆಫ್ರಿಕಾದ್ದು. ಬಡ್ಜಿಯ ತೂಕ 30ರಿಂದ 40 ಗ್ರಾಂ, ಹೆಚ್ಚು ಕಡಿಮೆ ಒಂದು ಹಣ್ಣಡಿಕೆಯಷ್ಟು. ಅಷ್ಟು ಸಣ್ಣ ಜೀವ ದಿನವಿಡೀ ಚೂರುಚೂರೇ ತಿನ್ನುತ್ತಿರಬೇಕು. ಇಡೀ ದಿನ ಕಾಳು ತೆಗೆದಿಟ್ಟರೆ ಅದರ ಜೀವಕ್ಕೇ ಅಪಾಯ. ರೆಕ್ಕೆ ಕತ್ತರಿಸಿದ ಹಕ್ಕಿ ಕೈಗೆ ಬಂದಂತೆ ಕಾಣುತ್ತದೆ, ಹೌದು. ಆದರೆ ಅದು ಬಂದದ್ದಲ್ಲ, ಹೋಗಲಾಗದೆ ನಿಂತದ್ದು. ಮೇಲಾಗಿ ನೆಲಕ್ಕೆ ಬಿದ್ದು ಎದೆಮೂಳೆಗೆ ಪೆಟ್ಟು ಮಾಡಿಕೊಳ್ಳುತ್ತದೆ.

ಒಂದು ವಿಷಯ ಮನಸ್ಸಿಗೆ ಹೋದರೆ ಉಳಿದದ್ದೆಲ್ಲ ಸುಲಭ. ಬಡ್ಜಿ ಬೇಟೆಯಾಗುವ ಜಾತಿ, ಬೇಟೆಯಾಡುವ ಜಾತಿಯಲ್ಲ. ಅದರ ಕಣ್ಣು ತಲೆಯ ಎರಡು ಬದಿಗೆ ಇರುವುದು ಸುತ್ತಲಿನ ಅಪಾಯ ಕಾಣಲಿಕ್ಕೆ. ಮೇಲಿಂದ ಬಂದು ಮೈಯನ್ನು ಮುಷ್ಟಿಯಲ್ಲಿ ಹಿಡಿಯುವುದು ಏನಿದ್ದರೂ ಅದಕ್ಕೆ ಗಿಡುಗನೇ. ನಿಮ್ಮ ಮಗಳ ಕೈಯಲ್ಲಿ ಎಷ್ಟು ಪ್ರೀತಿ ಇತ್ತೋ ಅದಕ್ಕೆ ಗೊತ್ತಾಗುವ ದಾರಿ ಇರಲಿಲ್ಲ. ಹಾಗಾಗಿ ಹಕ್ಕಿಯನ್ನು ಹಿಡಿಯುವ ಕೈ ಎಂಬುದನ್ನು ಮರೆಸಿ, ಹಕ್ಕಿ ಕುಳಿತುಕೊಳ್ಳುವ ಕೊಂಬೆ ಎಂದು ಕೈಯ ಅರ್ಥವನ್ನೇ ಬದಲಿಸಬೇಕು. ಹತ್ತುವುದೋ ಬಿಡುವುದೋ ಹಕ್ಕಿಗೆ ಬಿಟ್ಟದ್ದು.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಹನ್ನೊಂದು ವರ್ಷದ ಹಿಂದೆ ಕುಮಟೆಯ ನಮ್ಮ ಮನೆಗೆ ಮೊದಲ ಬಡ್ಜಿ ಬಂದಾಗ ‘ದಿನಾ ಹಿಡಿದರೆ ಅಭ್ಯಾಸ ಆಗುತ್ತದೆ’ ಎಂದು ಯಾರೋ ಹೇಳಿದ್ದನ್ನು ನಂಬಿದೆ. ಸಂಜೆ ಸಂಜೆ ಪಾಣಿಪಂಚೆ ಮುಚ್ಚಿ ಹಿಡಿಯುತ್ತಿದ್ದೆ. ಕೈಯೊಳಗೆ ಅದು ಸುಮ್ಮನಾಗುತ್ತಿತ್ತು, ಪಳಗಿತು ಎಂದುಕೊಂಡೆ. ಒಂದು ದಿನ ಹತ್ತಿರದಿಂದ ನೋಡಿದೆ: ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು, ಎದೆ ಎಷ್ಟು ಬೇಗ ಬಡಿಯುತ್ತಿತ್ತೆಂದರೆ ಬಡಿತ ಬಿಡಿಬಿಡಿಯಾಗಿ ತಿಳಿಯುತ್ತಲೇ ಇರಲಿಲ್ಲ, ಬರೇ ನಡುಕ. ಅವತ್ತೇ ನಿಲ್ಲಿಸಿದೆ. ಆಮೇಲೆ ನಾಲ್ಕು ತಿಂಗಳಾದರೂ ಯಾರಾದರೂ ಬಿಳಿ ಬಟ್ಟೆ ಕೊಡವಿದರೆ ಅದು ಪಂಜರದ ತಳಕ್ಕೆ ಬೀಳುತ್ತಿತ್ತು. ಹಿಡಿದು ಕೆಡಿಸಿದ ನಂಬಿಕೆಯನ್ನು ತಿರುಗಿ ಗಳಿಸಲು, ಹೊಸದಾಗಿ ಗಳಿಸುವುದಕ್ಕಿಂತ ಎಷ್ಟೋ ಪಟ್ಟು ಹೊತ್ತು ಬೇಕು. ನಿಮ್ಮದು ಇನ್ನೂ ಮೂರೇ ವಾರ, ಏನೂ ಕೆಟ್ಟಿಲ್ಲ.

ಈಗ ಮಾಡುವ ಕ್ರಮ ಹೇಳುತ್ತೇನೆ.

ಮೊದಲು ಪಂಜರದ ಜಾಗ. ಒಂದು ಬದಿ ಗೋಡೆಗೆ ತಾಗಿರಲಿ, ಎತ್ತರ ನಿಮ್ಮ ಎದೆಯಿಂದ ಕಣ್ಣಿನ ಮಟ್ಟಕ್ಕೆ ಬರಲಿ. ನೆಲದ ಮೇಲಿಟ್ಟರೆ ನಾವೆಲ್ಲ ಮೇಲಿಂದ ಬಗ್ಗುವವರಾಗುತ್ತೇವೆ. ಜನ ಓಡಾಡುವ ಜಗಲಿ ಒಳ್ಳೆಯದು, ಆದರೆ ರಾತ್ರಿ ಒಳಗೆ ತನ್ನಿ. ನಮ್ಮ ಕಡೆ ಬೆಕ್ಕಿನಷ್ಟೇ ಹಾವಿನ ಹೆದರಿಕೆಯೂ ಇದೆ, ಸಣ್ಣ ಹಾವಿಗೆ ಸರಳಿನ ಸಂದಿ ಸಾಕು. ಅಡುಗೆಮನೆ ಮಾತ್ರ ಬೇಡವೇ ಬೇಡ. ನಾನ್‌ಸ್ಟಿಕ್ ಬಾಣಲೆ ಹೆಚ್ಚು ಕಾದರೆ ಅದರ ಲೇಪದಿಂದ ಏಳುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ, ನಮಗೆ ವಾಸನೆಯೂ ತಿಳಿಯದೇ ಇರಬಹುದು. ಬಚ್ಚಲ ಒಲೆಯ ಹೊಗೆ, ಸೊಳ್ಳೆಬತ್ತಿ, ಅಗರಬತ್ತಿ, ಲೋಬಾನದ ಹೊಗೆ ಕೂಡ ದೂರ. ಹಕ್ಕಿಯ ಶ್ವಾಸಕೋಶ ನಮ್ಮದಕ್ಕಿಂತ ಚುರುಕು, ಗಾಳಿಯಲ್ಲಿ ಇದ್ದದ್ದನ್ನೆಲ್ಲ ಬೇಗ ಎಳೆದುಕೊಳ್ಳುತ್ತದೆ.

ಅಂಗಡಿಯ ನುಣುಪು ಪ್ಲಾಸ್ಟಿಕ್ ಕೋಲು ತೆಗೆದು ಪೇರಲೆ ಕೊಂಬೆ ಹಾಕಿ, ಒಂದೇ ಕೊಂಬೆಯಲ್ಲಿ ದಪ್ಪ ಸಣ್ಣ ಎರಡೂ ಸಿಗುತ್ತದೆ, ಕಾಲಿಗೆ ಒಳ್ಳೆಯದು. ಹಿತ್ತಲಲ್ಲಿ ಇದೆ ಎಂದು ಕಣಗಿಲೆ ಕೊಂಬೆ ಹಾಕಬೇಡಿ, ವಿಷ.

ಮುಂದಿನ ಒಂದು ವಾರ ಪಂಜರದೊಳಗೆ ಕೈ ಹಾಕುವುದು ಕಾಳು, ನೀರು, ಸ್ವಚ್ಛತೆಗೆ ಮಾತ್ರ. ಆಗಲೂ ನಿಧಾನ, ಮಾತಾಡುತ್ತಾ. ಉಳಿದಂತೆ ದಿನಕ್ಕೆ ಎರಡು ಹೊತ್ತು ಹತ್ತು ನಿಮಿಷ ಪಂಜರದ ಪಕ್ಕ ಕುಳಿತು ಪೇಪರು ಓದಿ, ದೊಡ್ಡದಾಗಿ ಓದಿದರೂ ಅಡ್ಡಿಲ್ಲ. ಒಂದು ಕೈ ಪಂಜರದ ಹೊರಗೆ, ಹಕ್ಕಿಗೆ ಕಾಣುವ ಹಾಗೆ, ಅಲ್ಲಾಡದೆ ಇರಲಿ. ಹಕ್ಕಿಯನ್ನೇ ನೆಟ್ಟ ದೃಷ್ಟಿಯಿಂದ ನೋಡಬೇಡಿ.

ಈ ವಾರದಲ್ಲಿ ನೀವು ಕಲಿಯಬೇಕಾದದ್ದು ಅದರ ಮೈಯ ಭಾಷೆ. ಹೆದರಿದ ಬಡ್ಜಿ ಸಪೂರ ಆಗುತ್ತದೆ: ಗರಿಯೆಲ್ಲ ಮೈಗೆ ಅಂಟಿ, ಕುತ್ತಿಗೆ ಉದ್ದವಾಗಿ, ಕಲ್ಲಿನಂತೆ ನಿಲ್ಲುತ್ತದೆ. ಹಾಗೆ ಕಂಡರೆ ಕೈಯನ್ನು ಒಂದು ಗೇಣು ಹಿಂದೆ ತನ್ನಿ. ನಿರಾಳವಾದ ಬಡ್ಜಿ ಗುಂಡಗಾಗುತ್ತದೆ, ಒಂದು ಕಾಲು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ, ಗರಿ ತೀಡುತ್ತದೆ. ಸಂಜೆ ಹೊತ್ತು ಕೊಕ್ಕು ಮಸೆಯುವ ಕಿರಕಿರ ಸದ್ದು ಕೇಳಿದರೆ ಸಂತೋಷಪಡಿ, ಅದು ನಿದ್ದೆಗೆ ಮುಂಚಿನ ನೆಮ್ಮದಿ. ನಿಮ್ಮ ಕೈ ಪಕ್ಕದಲ್ಲಿರುವಾಗಲೇ ಅದು ಗರಿ ತೀಡಿತು ಎಂದರೆ ಮುಂದಿನ ಹೆಜ್ಜೆ ಇಡಬಹುದು. ಮೂರನೇ ದಿನಕ್ಕೇ ಆಗಬಹುದು, ಹದಿನೈದು ದಿನ ಹಿಡಿಯಬಹುದು. ಕ್ಯಾಲೆಂಡರ್ ನೋಡಬೇಡಿ, ಹಕ್ಕಿ ನೋಡಿ.

ಮುಂದಿನ ಹೆಜ್ಜೆಗೆ ನಿಮಗೆ ಬೇಕಾದದ್ದು ನವಣೆ ತೆನೆ. ಬಿಡಿ ಕಾಳಲ್ಲ, ತೆನೆಯೇ. ಹುಬ್ಬಳ್ಳಿ ಕಡೆ ಹೋಗಿಬರುವವರಿದ್ದರೆ ತರಿಸಿ, ಇಲ್ಲವೇ ಒಂದು ಕುಂಡದಲ್ಲಿ ನವಣೆ ಬಿತ್ತಿದರೆ ಮೂರು ತಿಂಗಳಲ್ಲಿ ತೆನೆ ಬರುತ್ತದೆ. ಬಡ್ಜಿಗೆ ಇದಕ್ಕಿಂತ ದೊಡ್ಡ ಆಸೆ ಇಲ್ಲ. ಈಗಿನಿಂದ ತೆನೆ ಸಿಗುವುದು ನಿಮ್ಮ ಕೈಯಿಂದ ಮಾತ್ರ, ಬಟ್ಟಲಲ್ಲಿ ಮಾಮೂಲಿ ಕಾಳು ಯಾವಾಗಲೂ ಇರಲಿ. ಬೆಳಿಗ್ಗೆ ಎದ್ದಾಗ ಹಕ್ಕಿಗೆ ಹೇಗೂ ಹಸಿವಿರುತ್ತದೆ. ಪಂಜರದ ಬಟ್ಟೆ ತೆಗೆದು, ಹೊಸ ಕಾಳು ಹಾಕುವ ಮೊದಲಿನ ಹತ್ತು ನಿಮಿಷವೇ ಪಾಠದ ಹೊತ್ತು. ಉಪವಾಸದ ಅಗತ್ಯವೇ ಇಲ್ಲ.

ಮೊದಲು ಉದ್ದನೆಯ ತೆನೆಯ ತುದಿಯನ್ನು ಸರಳಿನ ಸಂದಿಯಿಂದ ಒಳಗೆ ತೂರಿಸಿ. ತಿಂದರೆ ಮಾರನೇ ದಿನ ತೆನೆಯನ್ನು ಸ್ವಲ್ಪ ಗಿಡ್ಡ ಹಿಡಿಯಿರಿ. ಆಮೇಲೆ ಬಾಗಿಲು ತೆರೆದು, ಹಕ್ಕಿಯ ಎದೆಯ ಮಟ್ಟದಲ್ಲಿ, ಮುಂದಿನಿಂದ. ಕೈ ಎಂದೂ ಅದರ ತಲೆಗಿಂತ ಮೇಲೆ ಹೋಗಬಾರದು. ಕಡೆಗೆ ತೆನೆಯನ್ನು ತೋರುಬೆರಳಿನ ಆಚೆ ಬದಿಗೆ ಹಿಡಿಯಿರಿ, ತಿನ್ನಬೇಕಾದರೆ ಬೆರಳ ಮೇಲೆ ಬಗ್ಗಲೇಬೇಕು. ನಿಮ್ಮ ತೋಳು ನೋಯುತ್ತದೆ, ಮೊಣಕೈಗೆ ಒಂದು ತಲೆದಿಂಬು ಕೊಡಿ. ಕೈ ನಡುಗಿದರೆ ಕೊಂಬೆ ಗಟ್ಟಿಯಿಲ್ಲ ಎಂದು ಹಕ್ಕಿ ತಿಳಿಯುತ್ತದೆ.

ಆ ಕ್ಷಣ ಹೇಗಿರುತ್ತದೆ ಹೇಳುತ್ತೇನೆ. ಕುತ್ತಿಗೆ ಎಷ್ಟು ಚಾಚಿದರೂ ಕಾಳು ಎರಡು ಅಕ್ಕಿಕಾಳಿನಷ್ಟು ದೂರ ಉಳಿಯುತ್ತದೆ. ಒಂದು ಕಾಲು ಎತ್ತುತ್ತದೆ, ಇಡುತ್ತದೆ. ಮತ್ತೆ ಎತ್ತುತ್ತದೆ. ಬೆರಳಿಗೆ ತಾಗಿಸಿ ತೆಗೆಯುತ್ತದೆ. ನೀವು ಉಸಿರು ಬಿಗಿ ಹಿಡಿದಿರುತ್ತೀರಿ. ಆಮೇಲೆ ಆ ಕಾಲಿನ ಎರಡು ಬೆರಳು ಮುಂದೆ, ಎರಡು ಹಿಂದೆ, ನಿಮ್ಮ ಬೆರಳನ್ನು ಸುತ್ತಿ ಹಿಡಿಯುತ್ತದೆ. ಅಂಗಾಲು ಬೆಚ್ಚಗೆ, ಒಣಗಿದ ಎಲೆಯಷ್ಟು ಒರಟು. ಆಗ ಕೈ ಎತ್ತಬೇಡಿ, ಖುಷಿಯಿಂದ ಕೂಗಬೇಡಿ. ತಿನ್ನಲಿ, ಇಳಿದು ಹೋಗಲಿ. ಅವತ್ತಿನ ಪಾಠ ಅಲ್ಲಿಗೇ ಮುಗಿಸಿ.

ಇದು ನಾಲ್ಕೈದು ದಿನ ನಡೆದ ಮೇಲೆ ‘ಹತ್ತು’ ಎಂಬ ಮಾತು ಸೇರಿಸಿ. ಬೆರಳನ್ನು ಕಾಲಿನ ಮೇಲ್ಗಡೆ, ಹೊಟ್ಟೆಯ ಕೆಳಭಾಗಕ್ಕೆ ಮೆಲ್ಲಗೆ ತಾಗಿಸಿ, ‘ಹತ್ತು’ ಎನ್ನಿ, ಹತ್ತಿದ ಕೂಡಲೇ ತೆನೆ ಕೊಡಿ. ಮನೆಯಲ್ಲಿ ಎಲ್ಲರೂ ಅದೇ ಮಾತು ಬಳಸಬೇಕು. ನೀವು ‘ಹತ್ತು’ ಎಂದು, ಮಗಳು ‘ಬಾರೇ ಪುಟ್ಟಿ’ ಎಂದರೆ ಹಕ್ಕಿಗೆ ಗೊಂದಲ.

ಕಚ್ಚುವುದರ ಬಗ್ಗೆ. ಹತ್ತುವ ಮೊದಲು ಅದು ಕೊಕ್ಕಿನಿಂದ ಬೆರಳು ಹಿಡಿದು ನೋಡುತ್ತದೆ, ಅದು ಕಚ್ಚುವುದಲ್ಲ. ಕೊಕ್ಕು ಅದರ ಮೂರನೇ ಕೈ, ಕೊಂಬೆ ಗಟ್ಟಿಯೋ ಎಂದು ಒತ್ತಿ ನೋಡುವುದು. ಇಲ್ಲೇ ಎಲ್ಲರೂ ಬೆಚ್ಚಿ ಕೈ ಹಿಂದೆ ಎಳೆಯುವುದು. ಎಳೆದರೆ ಎರಡು ಪಾಠ ಕಲಿಯುತ್ತದೆ: ಈ ಕೊಂಬೆ ನಂಬುವಂಥದ್ದಲ್ಲ, ಮತ್ತು ಕೊಕ್ಕು ತಾಗಿಸಿದರೆ ಕೈ ಹೋಗುತ್ತದೆ. ನಿಜವಾಗಿ ಕಚ್ಚಿದರೂ ಕೂಗಬೇಡಿ, ಕೈ ಕೊಡವಬೇಡಿ, ಮೂತಿಗೆ ಊದಬೇಡಿ. ಎರಡು ಎಣಿಸಿ, ಮೆಲ್ಲಗೆ ಕೈ ಇಳಿಸಿ, ಯಾವ ಹೆಜ್ಜೆಯಲ್ಲಿ ಅವಸರ ಮಾಡಿದಿರಿ ಎಂದು ಯೋಚಿಸಿ. ಮಗಳ ಬೆರಳಿನ ಗಾಯಕ್ಕೆ ಸೋಪು ನೀರು ಹಾಕಿ ತೊಳೆದಿರಿ ತಾನೇ? ಪಂಜರ ಮುಟ್ಟಿದ ಮೇಲೂ ಪ್ರತಿ ಸಲ ಕೈ ತೊಳೆಯಿರಿ. ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಶ್ವಾಸಕೋಶದ ಜ್ವರ ಬರಬಹುದು, ಹಾಗಾಗಿ ಒದ್ದೆ ಬಟ್ಟೆಯಿಂದ ಒರೆಸಿ, ಗುಡಿಸಬೇಡಿ.

ಜೋಡಿ ಇದ್ದರೆ ಅವಕ್ಕೆ ನಮ್ಮ ಅಗತ್ಯ ಕಡಿಮೆ, ಪಳಗಲು ತಡವಾಗುತ್ತದೆ. ಅದಕ್ಕೆಂದು ಬೇರೆ ಮಾಡಿ ಒಂಟಿ ಮಾಡಬೇಡಿ, ಬಡ್ಜಿ ಹಿಂಡಿನಲ್ಲಿ ಬದುಕುವ ಹಕ್ಕಿ. ಎರಡರಲ್ಲಿ ಧೈರ್ಯದ್ದು ಯಾವುದು ನೋಡಿ ಅದಕ್ಕೇ ಮೊದಲು ಕಲಿಸಿ. ಇನ್ನೊಂದು ಪಕ್ಕದಲ್ಲಿ ಕುಳಿತು ನೋಡಿ ಅರ್ಧ ಪಾಠ ತಾನೇ ಕಲಿತುಬಿಡುತ್ತದೆ. ನಮ್ಮ ಮನೆಯ ಮೂರನೇ ಹಕ್ಕಿಗೆ ನಾನು ಕಲಿಸಲೇ ಇಲ್ಲ, ತೆನೆಗಾಗಿ ಜಗಳ ಮಾಡುತ್ತಾ ಒಂದು ದಿನ ಸೀದಾ ನನ್ನ ಮಣಿಕಟ್ಟಿನ ಮೇಲೆ ಇಳಿಯಿತು. ಗರಿ ಉದುರಿಸುವ ಕಾಲದಲ್ಲಿ ಮಾತ್ರ ಪಾಠಕ್ಕೆ ರಜೆ ಕೊಡಿ. ಹೊಸ ಗರಿ ಮೊಳೆಯುವಾಗ ಮೈ ಮುಟ್ಟಿದರೆ ನೋವು, ಸಿಟ್ಟೂ ಹೆಚ್ಚು.

ಬೆರಳ ಮೇಲೆ ಭಯವಿಲ್ಲದೆ ಕೂರುವ ತನಕ ಪಂಜರದಿಂದ ಹೊರಗೆ ಬಿಡಬೇಡಿ. ಬಿಡುವಾಗ ಫ್ಯಾನ್ ಬಂದ್, ಕಿಟಕಿ ಬಂದ್, ಕನ್ನಡಿಗೆ ಬಟ್ಟೆ, ನೀರಿನ ಕೊಡಪಾನಕ್ಕೆ ಮುಚ್ಚಳ. ಮರಳಿ ಬಾರದಿದ್ದರೆ ಬೆನ್ನಟ್ಟಬೇಡಿ. ಪಂಜರದ ಬಾಗಿಲಲ್ಲಿ ತೆನೆ ಕಟ್ಟಿ ಕಾಯಿರಿ.

ಈಗ ನಮ್ಮ ಊರಿನ ಹವೆಯ ವಿಷಯ, ಇದನ್ನು ಘಟ್ಟದ ಮೇಲಿನ ಶಿರಸಿಯವರೂ ಓದಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಾಳಿಗೆ ಬೂಸು ಹಿಡಿಯುತ್ತದೆ, ಆ ಬೂಸು ಹಕ್ಕಿಯ ಶ್ವಾಸಕ್ಕೆ ಹೋದರೆ ಉಳಿಸುವುದು ಕಷ್ಟ. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಕಾಳು ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ, ಹಾಕುವ ಮೊದಲು ಮೂಸಿ ನೋಡಿ. ಮುಗ್ಗು ವಾಸನೆ ಬಂದರೆ ಬಿಸಿಲಿಗೆ ಹಾಕಿ ಉಳಿಸಲು ನೋಡಬೇಡಿ, ಚೆಲ್ಲಿ. ಬರೀ ಕಾಳಿನಲ್ಲಿ ಎ ಜೀವಸತ್ವ ಸಾಲದು; ಚೆನ್ನಾಗಿ ತೊಳೆದ ಹರಿವೆ, ನುಗ್ಗೆ, ಕೊತ್ತಂಬರಿ ಸೊಪ್ಪು ದಿನಾ ಸ್ವಲ್ಪ ಕೊಡಿ. ಮನೆಯಲ್ಲಿ ಬೆಳೆದದ್ದಾದರೂ ಬೆಣ್ಣೆಹಣ್ಣು ಬೇಡ, ಹಕ್ಕಿಗೆ ಅದು ವಿಷ. ಚಾಕಲೇಟು, ಈರುಳ್ಳಿ, ಉಪ್ಪಿನ ತಿಂಡಿಯೂ ಬೇಡ.

ಸುಣ್ಣದ ಅಂಶಕ್ಕೆ ಅಂಗಡಿಯಲ್ಲಿ ದುಡ್ಡು ಕೊಟ್ಟು ‘ಕಟಲ್ ಬೋನ್’ ತರುವ ಕಾರವಾರದವರನ್ನು ನೋಡಿದರೆ ನನಗೆ ಸಂಕಟ. ಅದು ನಿಮ್ಮದೇ ಕಡಲದಂಡೆಯಲ್ಲಿ ಬಿದ್ದಿರುವ ಸಮುದ್ರ ನೊರೆ, ಕಪ್ಪು ಶಾಯಿ ಉಗುಳುವ ಬೊಂಡಾಸಿನ ಜಾತಿಯ ಜೀವಿಯ ಒಳಚಿಪ್ಪು. ಬೆಳ್ಳಗಿರುವ, ಎಣ್ಣೆಯ ಕಲೆಯಿಲ್ಲದ್ದನ್ನು ಆರಿಸಿ, ದಿನಾ ನೀರು ಬದಲಿಸುತ್ತಾ ನಾಲ್ಕೈದು ದಿನ ಬಾವಿ ನೀರಿನಲ್ಲಿ ನೆನೆಸಿ ಉಪ್ಪು ಹೋಗಿಸಿ, ಒಳ್ಳೆ ಬಿಸಿಲಿಗೆ ಒಣಗಿಸಿ, ಮೆದು ಬದಿ ಹಕ್ಕಿಗೆ ಕಾಣುವಂತೆ ಸರಳಿಗೆ ಕಟ್ಟಿ.

ಈ ಪ್ರಶ್ನೆಯ ಕೆಳಗೇ ಅಂಕೋಲೆಯ ಒಬ್ಬರು, ತೆಂಗಿನ ಮರದ ಪೊಟರೆಯಲ್ಲಿ ಹಸಿರು ಗಿಳಿಮರಿ ಇದೆ, ಇದೇ ಕ್ರಮದಲ್ಲಿ ಪಳಗಿಸಬಹುದೇ ಎಂದು ಕೇಳಿದ್ದಾರೆ. ಬೇಡ. ನಮ್ಮ ನೆಲದ ಗಿಳಿ ಯಾವುದೇ ಇರಲಿ, ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಬದಿಗಿಟ್ಟರೂ, ತಾಯಿ ದಿನಾ ಗುಟುಕು ಕೊಡುತ್ತಿರುವ ಮರಿ ಅದು. ಬಡ್ಜಿಯ ಕಥೆ ಬೇರೆ. 1840ರಲ್ಲಿ ಇಂಗ್ಲಿಷ್ ಪಕ್ಷಿತಜ್ಞ ಜಾನ್ ಗೌಲ್ಡ್ ಅದನ್ನು ಇಂಗ್ಲೆಂಡಿಗೆ ತಂದ ಮೇಲೆ ಎಷ್ಟೋ ತಲೆಮಾರು ಪಂಜರದಲ್ಲೇ ಹುಟ್ಟಿ ಬೆಳೆದು ಬಂದಿದೆ. ಪೊಟರೆಯನ್ನು ದೂರದಿಂದ ನೋಡಿ, ಫೋಟೋ ತೆಗೆದು ಇಲ್ಲಿ ಹಾಕಿ, ಮರಿ ಹಾರುವ ದಿನ ನಾವೂ ಖುಷಿಪಡುತ್ತೇವೆ.

ಮಾತು ಕಲಿಸುವ ಬಗ್ಗೆಯೂ ಮಗಳು ಕೇಳಿದ್ದಾಳೆ. ಗಂಡು ಬಡ್ಜಿ ಚೆನ್ನಾಗಿ ಕಲಿಯುತ್ತದೆ, ಹೆಣ್ಣು ಅಪರೂಪ. ಆದರೆ ಅದು ಕೈಗೆ ಬಂದ ಮೇಲಿನ ಮಾತು.

ಕಡೆಯದಾಗಿ, ಹಕ್ಕಿ ಕಾಯಿಲೆಯನ್ನು ಕೊನೆಯ ತನಕ ಮುಚ್ಚಿಡುತ್ತದೆ. ಹಗಲಲ್ಲಿ ಗರಿ ಉಬ್ಬಿಸಿ ತೂಕಡಿಸುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು, ಪಂಜರದ ತಳದಲ್ಲೇ ಕೂರುವುದು ಕಂಡರೆ ನಾಳೆ ನೋಡೋಣ ಎನ್ನದೆ ಅವತ್ತೇ ಪಶುವೈದ್ಯರಲ್ಲಿಗೆ ಒಯ್ಯಿರಿ.

ನಿಮ್ಮ ಫೋಟೋದಲ್ಲಿ ಕೊಕ್ಕಿನ ಮೇಲಿನ ಮೂಗಿನ ಭಾಗ ಸರಿಯಾಗಿ ಕಾಣುತ್ತಿಲ್ಲ. ನಾಳೆ ಹಗಲು ಬೆಳಕಲ್ಲಿ ಹತ್ತಿರದಿಂದ ತೆಗೆದು ಹಾಕಿ. ಅದು ಕಡು ನೀಲಿ ಇದ್ದರೆ ಗಂಡು, ಕಂದು ಇದ್ದರೆ ಹೆಣ್ಣು. ಹಣೆಯ ಕಪ್ಪು ಗೆರೆ ಮೂಗಿನ ತನಕ ಇಳಿದಿದ್ದರೆ ಇನ್ನೂ ನಾಲ್ಕು ತಿಂಗಳೊಳಗಿನ ಮರಿ. ಮರಿಯಾದರೆ ನಿಮ್ಮ ಕೆಲಸ ಅರ್ಧ ಆದಂತೆ. ನನ್ನ ಹತ್ತಿರ ಒಣಗಿಸಿಟ್ಟ ನವಣೆ ತೆನೆ ಇನ್ನೂ ಆರೇಳು ಉಳಿದಿವೆ, ಕುಮಟೆ ಕಡೆ ಬರುವವರಿದ್ದರೆ ಹೇಳಿ, ಕೊಟ್ಟು ಕಳಿಸುತ್ತೇನೆ.