ಟೈರ್ ಬದಲಿಸಿದವರು ಕಾರು ಹಾಳು ಮಾಡಿ, "ಮೊದಲೇ ಹೀಗಿತ್ತು" ಎಂದರೆ ಏನು ಮಾಡಬೇಕು?

ನೀವು ಹೇಳಿದ್ದು ಇಷ್ಟು: ನಾಲ್ಕೂ ಟೈರ್ ಹೊಸದು ಹಾಕಿಸಿದಿರಿ. ವಾರ ಕಳೆದ ಮೇಲೆ ಕಾರು ತೊಳೆಯುವಾಗ ನೋಡಿದರೆ ಬಾಗಿಲ ಕೆಳಗೆ ಕಾರಿನ ಬಾಡಿಯ ಅಂಚು ನಜ್ಜುಗುಜ್ಜಾಗಿದೆ, ಮುಂದಿನ ಚಕ್ರದ ಒಂದು ಬೋಲ್ಟ್ ತುಂಡಾಗಿದೆ. ಅಂಗಡಿಗೆ ಫೋನ್ ಮಾಡಿದರೆ "ಮೊದಲೇ ಹಾಗಿತ್ತು" ಎಂದರು. ದುಡ್ಡು ವಸೂಲಿ ಮಾಡಬಹುದಾ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಮೊದಲು, ದಯವಿಟ್ಟು ಆ ಕಾರು ಓಡಿಸಬೇಡಿ. ಅಂಗಡಿಗೆ ತೋರಿಸಲು ಕೂಡ ಓಡಿಸಿಕೊಂಡು ಹೋಗಬೇಡಿ.

ಒಂದು ಬೋಲ್ಟ್ ಹೋದರೆ ಅದರ ಭಾರ ಉಳಿದವುಗಳ ಮೇಲೆ ಬೀಳುತ್ತದೆ. ಉಳಿದವನ್ನು ಬಿಗಿದದ್ದೂ ಅದೇ ಕೈ, ಅದೇ ಏರ್ ಗನ್ ಅಲ್ವಾ? ಅವೂ ಒಳಗೊಳಗೇ ಹಿಗ್ಗಿರಬಹುದು, ಇಲ್ಲಾ ಸಡಿಲವಾಗಿರಬಹುದು. ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ, ಇಲ್ಲವೇ ಕಾರನ್ನು ಎತ್ತಿಸಿಕೊಂಡು ಹೋಗಿ. ಆ ಖರ್ಚಿನ ಬಿಲ್ಲನ್ನೂ ಇಟ್ಟುಕೊಳ್ಳಿ, ಮುಂದೆ ಅದನ್ನೂ ಕೇಳಬಹುದು.

ಇನ್ನು ಅಂಗಡಿಯವರ ಮಾತು. ಇಂಥ ಜಗಳದಲ್ಲಿ ಯಾರ ದನಿ ದೊಡ್ಡದು ಎಂಬುದರಿಂದ ಏನೂ ಆಗುವುದಿಲ್ಲ. ಹಾನಿ ಅವರ ಕೆಲಸದಿಂದಲೇ ಆಯಿತು ಎಂದು ಮೂರನೆಯವರು ಒಪ್ಪುವ ಹಾಗೆ ತೋರಿಸಬೇಕು, ಅಷ್ಟೆ. ಅದರ ಗುರುತು ಕಾರಿನ ಮೇಲೇ ಇರುತ್ತದೆ.

ಬಾಗಿಲ ಕೆಳಗಿನ ಅಂಚಿನಿಂದಲೇ ಶುರು ಮಾಡಿ. ಅಲ್ಲಿ ಎರಡು ತಗಡುಗಳನ್ನು ಸೇರಿಸಿ ವೆಲ್ಡ್ ಮಾಡಿದ ತೆಳು ಪಟ್ಟಿ ಇರುತ್ತದೆ. ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ಜಾಕ್ ಕೊಡಲೆಂದೇ ಗಟ್ಟಿ ಮಾಡಿದ ಜಾಗವಿರುತ್ತದೆ. ಬಹಳ ಕಾರುಗಳಲ್ಲಿ ಅಲ್ಲಿ ಸಣ್ಣ ಕಚ್ಚು ಇಲ್ಲವೇ ಬಾಣದ ಗುರುತು ಇರುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರವೂ ಇದೆ, ಆ ಪುಟದ ಫೋಟೋ ತೆಗೆದಿಡಿ. ಟ್ರಾಲಿ ಜಾಕಿನ ಚಪ್ಪಟೆ ತಲೆಯನ್ನು ರಬ್ಬರ್ ಇಡದೆ ನೇರವಾಗಿ ಒತ್ತಿದರೆ ಪಟ್ಟಿ ಮಡಚಿಕೊಳ್ಳುತ್ತದೆ. ಇನ್ನೂ ಒಳಗೆ ಕೊಟ್ಟರೆ ಕಾರಿನ ನೆಲದ ತಗಡೇ ಮೇಲಕ್ಕೆ ಉಬ್ಬುತ್ತದೆ. ಬ್ಯಾಟರಿ ಕಾರಾದರೆ ಸಾಮಾನ್ಯವಾಗಿ ಬ್ಯಾಟರಿ ಇರುವುದೇ ಅಲ್ಲಿ, ಅದರ ಕಥೆಯೇ ಬೇರೆ.

ಹೊಸ ಪೆಟ್ಟಿನಲ್ಲಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿರುತ್ತದೆ, ಕೆಳಗಿನ ಲೋಹ ಹೊಳೆಯುತ್ತಿರುತ್ತದೆ. ಹಳೆಯದಾದರೆ ಮಡಿಕೆಯೊಳಗೆ ಮಣ್ಣು ಮೆತ್ತಿಕೊಂಡು ತುಕ್ಕು ಆಳಕ್ಕೆ ಇಳಿದಿರುತ್ತದೆ. ಬರಿ ಕಬ್ಬಿಣಕ್ಕೆ ನೀರು ತಾಗಿದರೆ ಬೇಗನೆ ತೆಳು ತುಕ್ಕು ಹಿಡಿಯುತ್ತದೆ. ನೀವು ಒಮ್ಮೆ ತೊಳೆದಾಗಿದೆ, ಇನ್ನು ತೊಳೆಯಬೇಡಿ, ಇವತ್ತೇ ಫೋಟೋ ತೆಗೆಯಿರಿ. ನಾಲ್ಕೂ ಜಾಕ್ ಜಾಗಗಳನ್ನು ನೋಡಿ. ಅವರು ಒಂದೇ ದಿನ ನಾಲ್ಕೂ ಚಕ್ರ ಬಿಚ್ಚಿದ್ದಾರೆ. ಬೇರೆ ಕಡೆಯೂ ಅದೇ ಅಳತೆಯ ದುಂಡು ಗುರುತು ಸಿಕ್ಕರೆ "ಮೊದಲೇ ಇತ್ತು" ಎನ್ನುವುದು ಕಷ್ಟ. ಹಿಂದಿನ ಸರ್ವಿಸಿನಲ್ಲಿ ಕಾರಿನ ಸ್ಥಿತಿ ಬರೆದ ಹಾಳೆಯೇನಾದರೂ ಇದ್ದರೆ ಹುಡುಕಿ. ಅಂಗಡಿಯಲ್ಲಿ ಸಿಸಿಟಿವಿ ಇದ್ದರೆ ಆ ದಿನದ ದೃಶ್ಯ ಉಳಿಸಿಡಿ ಎಂದು ಈಗಲೇ ಬರೆದು ಕೇಳಿ. ಸಾಮಾನ್ಯವಾಗಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ.

ಆದರೂ ನಿಮ್ಮ ಕೈಯಲ್ಲಿರುವ ಗಟ್ಟಿ ಸಾಕ್ಷಿ ಬೋಲ್ಟ್. ಅಂಚಿಗೆ ವಾರದಲ್ಲಿ ಕಲ್ಲು ಬಡಿಯಿತು ಎಂದು ಅವರು ವಾದಿಸಬಹುದು. ನಟ್ ಮುಟ್ಟಿಲ್ಲ ಎಂದು ಹೇಳಲು ಸಾಧ್ಯವೇ ಇಲ್ಲ. ಸಾಮಾನ್ಯ ಕಾರುಗಳ ನಟ್ ಬಿಗಿಯುವ ಅಳತೆ ಸುಮಾರು 80ರಿಂದ 140 ನ್ಯೂಟನ್ ಮೀಟರ್ ಒಳಗಿರುತ್ತದೆ, ನಿಮ್ಮದು ಎಷ್ಟು ಎಂದು ಪುಸ್ತಕದಲ್ಲಿದೆ. ಏರ್ ಗನ್ ಅದರ ಎಷ್ಟೋ ಪಟ್ಟು ಬಿಗಿಯಬಲ್ಲದು. ಸರಿಯಾದ ಕ್ರಮವೆಂದರೆ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು, ಎದುರುಬದುರು ಜೋಡಿಯಾಗಿ ಬಿಗಿಯುತ್ತಾ ಹೋಗಬೇಕು, ಕೊನೆಗೆ ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ರೆಂಚಿನಲ್ಲಿ ಅಳತೆ ನೋಡಬೇಕು. ಗನ್ ಹಿಡಿದು ಟರ್ರ್ ಅನ್ನಿಸಿ ಮುಗಿಸಿದರೆ ಬೋಲ್ಟ್ ಎಳೆದು ಸಣ್ಣಗಾಗುತ್ತದೆ, ಥ್ರೆಡ್ ಹೋಗುತ್ತದೆ. ಹಾಗೆ ಮುರಿದದ್ದು ಮುರಿದ ಕಡೆ ಎಳೆದಂತೆ, ತಿರುಚಿದಂತೆ ಕಾಣುತ್ತದೆ. ಸಡಿಲವಾಗಿ ಅಲ್ಲಾಡಿ ಮುರಿದದ್ದಾದರೆ ಮುರಿದ ಮುಖದ ಒಂದು ಭಾಗ ನುಣುಪಾಗಿ, ಬಳೆಬಳೆಯಂಥ ಗೆರೆಗಳಿರುತ್ತವೆ. ರಿಮ್ಮಿನ ತೂತೂ ಸವೆದಿರುತ್ತದೆ. ಎರಡರಲ್ಲಿ ಯಾವುದಾದರೂ ಅನುಮಾನ ಹೋಗುವುದು ಕೊನೆಗೆ ಬಿಗಿದವರ ಮೇಲೇ. ಮುರಿದ ತುಂಡು ಮತ್ತು ನಟ್ ಎರಡನ್ನೂ ಕವರಿನಲ್ಲಿ ಹಾಕಿಡಿ. ಮೆಕ್ಯಾನಿಕ್‌ಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅಭ್ಯಾಸಬಲದಿಂದ ಎಸೆದುಬಿಡುತ್ತಾರೆ.

"50–100 ಕಿಲೋಮೀಟರ್ ಓಡಿದ ಮೇಲೆ ಮತ್ತೆ ಬಿಗಿಸಿಕೊಳ್ಳಿ ಎಂದು ಬಿಲ್ಲಿನಲ್ಲೇ ಬರೆದಿದೆಯಲ್ಲ" ಎಂಬ ಮಾತು ಬರಬಹುದು. ಆ ಸಲಹೆ ಒಳ್ಳೆಯದೇ. ಆದರೆ ಅದು ನಟ್ ಸಡಿಲವಾಗುವುದಕ್ಕೆ ಸಂಬಂಧಿಸಿದ್ದು. ಅಳತೆ ಮೀರಿ ಬಿಗಿದದ್ದಕ್ಕೂ ಮಡಚಿದ ಅಂಚಿಗೂ ಅದು ಉತ್ತರವಲ್ಲ.

ಈಗ ಬೇರೊಂದು ಗ್ಯಾರೇಜಿನವರಿಂದ ಬರೆಸಿಕೊಳ್ಳಿ. ಇದರ ಬೆಲೆ ನನಗೆ ಚೆನ್ನಾಗಿ ಗೊತ್ತು. ನನ್ನ ಕಾರಿನಲ್ಲಿ ಹೋದದ್ದು ಟೈರ್ ಒಳಗಿನ ಪ್ರೆಶರ್ ಸೆನ್ಸರ್. ಅದು ಗಾಳಿ ಹಾಕುವ ವಾಲ್ವಿನ ಒಳತುದಿಗೆ ಅಂಟಿಕೊಂಡಿರುತ್ತದೆ. ರಿಮ್ಮಿನಿಂದ ಟೈರ್ ಬಿಡಿಸುವ ಮಷೀನಿನ ಅಲಗು ವಾಲ್ವ್ ಹತ್ತಿರವೇ ಒತ್ತಿದರೆ ಲಟಕ್ಕನೆ ಮುರಿಯುತ್ತದೆ. ಅಂಗಡಿಯವರು "ಸೆನ್ಸರಿನ ಬ್ಯಾಟರಿ ಮುಗಿದಿರಬೇಕು ಸರ್" ಎಂದರು. ಬೇರೆ ಕಡೆ ಬಿಚ್ಚಿಸಿದಾಗ ಸೆನ್ಸರಿನ ಪ್ಲಾಸ್ಟಿಕ್ ಕವಚ ಎರಡು ಹೋಳಾಗಿ ಟೈರ್ ಒಳಗೇ ಬಿದ್ದಿತ್ತು. ಬ್ಯಾಟರಿ ಮುಗಿದರೆ ಪ್ಲಾಸ್ಟಿಕ್ ಒಡೆಯುತ್ತದಾ? ಆ ಮೆಕ್ಯಾನಿಕ್ ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟರು. ಅದನ್ನು ಕಳಿಸಿದ ಮೇಲೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಯಿತು.

ಅಂಗಡಿಗೆ ಬರೆಯುವಾಗ ಬಿಲ್ ನಂಬರ್, ತಾರೀಕು, ಓಡಿದ ಕಿಲೋಮೀಟರ್, ಏನು ಹಾಳಾಗಿದೆ, ಎಷ್ಟು ಕೇಳುತ್ತಿದ್ದೀರಿ, ಯಾವಾಗಿನೊಳಗೆ ಉತ್ತರ ಬೇಕು, ಇಷ್ಟು ಸಾಕು. ಬೈಗುಳ ಬೇಡ. ರಿಪೇರಿಗೆ ಮೊದಲು ಬಂದು ನೋಡಲು ಅವರಿಗೂ ಅವಕಾಶ ಕೊಡಿ, ಇಲ್ಲವಾದರೆ "ನಮಗೆ ತೋರಿಸಲೇ ಇಲ್ಲ" ಎನ್ನುತ್ತಾರೆ. ಮಾತು ಮಾಲೀಕರ ಜೊತೆಗಿರಲಿ. ಗನ್ ಹಿಡಿದ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಟಾರ್ಕ್ ರೆಂಚ್ ಕೊಡಿಸದವರದ್ದೇ ಜಾಸ್ತಿ ತಪ್ಪು ಎಂದು ನನಗನ್ನಿಸುತ್ತದೆ. ಇಂಥ ಹಾನಿಗೆಂದೇ ವಿಮೆ ಮಾಡಿಸಿರುವ ಅಂಗಡಿಗಳೂ ಇವೆ, ಅದನ್ನೂ ಕೇಳಿ ನೋಡಿ. ಗೋಡೆಗೆ "ನಾವು ಜವಾಬ್ದಾರರಲ್ಲ" ಎಂಬ ಬೋರ್ಡ್ ಇದ್ದರೆ ಸುಮ್ನೆ ಹೆದರಬೇಡಿ. ಕೆಲಸದಲ್ಲಿನ ಬೇಜವಾಬ್ದಾರಿಯನ್ನು ಬೋರ್ಡ್ ಅಳಿಸಿಹಾಕುವುದಿಲ್ಲ ಎಂಬುದು ಬಹಳ ಕಡೆಗಳಲ್ಲಿ ಇರುವ ಕಾನೂನು. ಉತ್ತರವೇ ಬರದಿದ್ದರೆ ಗ್ರಾಹಕರ ದೂರು ಕೇಳುವ ವ್ಯವಸ್ಥೆಗೆ ಹೋಗಿ, ಈ ಕಾಗದಗಳೇ ಅಲ್ಲಿಗೂ ಬೇಕಾಗುವುದು. ನಿಮ್ಮ ಸ್ವಂತ ವಿಮೆಯಲ್ಲಿ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. ಸಣ್ಣ ರಿಪೇರಿಗೆ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ನಷ್ಟವೇ.

"ತನ್ನಿ, ನಾವೇ ಸರಿಮಾಡಿ ಕೊಡುತ್ತೇವೆ" ಎಂದರೆ ಒಪ್ಪಬೇಡಿ. ಅಂಚನ್ನು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಿದರೆ ನೋಡಲು ಸರಿಹೋಗುತ್ತದೆ, ಆದರೆ ನೀರು ಒಳಹೋಗದಂತೆ ಹಚ್ಚಿದ ಸೀಲಂಟ್ ಬಿರುಕು ಬಿಟ್ಟು ತುಕ್ಕು ಒಳಗಿನಿಂದ ತಿನ್ನುತ್ತದೆ. ಟಿಂಕರಿಂಗ್ ಗೊತ್ತಿರುವವರ ಹತ್ತಿರ ಮಾಡಿಸಿ, ಬಿಲ್ ಟೈರ್ ಅಂಗಡಿಯವರು ಕಟ್ಟಲಿ. ಬೋಲ್ಟ್‌ಗಳ ವಿಷಯದಲ್ಲಿ ಒಂದು ಪೈಸೆಯೂ ಬಿಡಬೇಡಿ, ಆ ಚಕ್ರದ ಅಷ್ಟೂ ಬದಲಾಗಬೇಕು. ಅಂಚಿನ ಖರ್ಚಿನಲ್ಲಿ ಅರ್ಧ ಕೊಡುತ್ತೇವೆಂದರೆ, ನೀವು ನೋಡಿದ್ದೇ ವಾರದ ಮೇಲೆ ಆದ್ದರಿಂದ, ನಾನಾದರೆ ಒಪ್ಪಿಕೊಳ್ಳುತ್ತಿದ್ದೆ. "ಇನ್ನು ಯಾವ ತಕರಾರೂ ಇಲ್ಲ" ಎಂಬ ಕಾಗದಕ್ಕೆ ಮಾತ್ರ ಗ್ಯಾರೇಜಿನವರು ಚಕ್ರ ಬಿಚ್ಚಿ, ಅದು ಕೂರುವ ಹಬ್ ನೋಡುವ ತನಕ ಸಹಿ ಹಾಕಬೇಡಿ.